ಡಬಲ್ ವಿಸಿಲ್

ಬೆಳಿಗ್ಗೆ ಎಂಟೂವರೆಗೆ ಯಂತ್ರಕ್ಕೆ
ಸುಳ್ಳು ಉಸಿರು ಕೊಡುತ್ತೇನೆ:
ಮೂರು ಲೀಟರಿನ ದೊಡ್ಡ ಸಿರಿಂಜು,
ಎಳೆದು ದೂಡಿ, ಎಳೆದು ದೂಡಿ.
ಮೂರು ಅಂದರೆ ಮೂರೇ ತೋರಿಸಬೇಕು.
ಆಮೇಲೆ ಮನುಷ್ಯರು ಬರುತ್ತಾರೆ.

ಕಾಸರಗೋಡಿನ ಈ ಎರಡನೇ ಮಾಳಿಗೆಗೆ
ಐತಪ್ಪ ಬೆಳ್ಚಡರು ನಾಲ್ಕು ಕಡೆ ನಿಂತು ಹತ್ತಿದರು.
ನಿಂತಲ್ಲೆಲ್ಲ ಗೋಡೆಯ ನೋಟೀಸು ಓದಿದರಂತೆ,
ದಣಿವು ಯಾರಿಗೂ ಕಾಣದ ಹಾಗೆ.
ಕುಂಬಳೆ, ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ:
ಆ ರೂಟಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರು.
ಒಂದು ವಿಸಿಲ್ ನಿಲ್ಲಲು, ಎರಡು ಹೊರಡಲು.
"ಬರೆಯಿರಿ," ಎಂದರು, "ದಿನಕ್ಕೆ ಒಂದು ಕಟ್ಟು.
ರಜೆಯ ದಿನ ಒಂದೂವರೆ."

ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.
ಎಳೆಯಿರಿ, ಎಳೆಯಿರಿ, ಇನ್ನೂ, ಈಗ ಊದಿ,
ಊದಿ ಊದಿ ಊದಿ ಊದಿ, ಬಿಡಬೇಡಿ,
ಇನ್ನೂ ಇನ್ನೂ ಇನ್ನೂ ಇನ್ನೂ —
ಮಲಯಾಳದವರಿಗೂ ಇದೇ ಕೂಗು, ತುಸು ತಿರುಚಿದರೆ ಸಾಕು.
ತೆರೆಯ ಮೇಲೆ ಗೆರೆ ಚಿಮ್ಮಿತು,
ಚಿಮ್ಮಿದ್ದೇ ಒಳಕ್ಕೆ ಜೋತಿತು,
ಒದ್ದೆ ಬಟ್ಟೆ ಹೊತ್ತ ಹಗ್ಗ.
ಮೊದಲ ಸೆಕೆಂಡಿಗೆ ಬಂದದ್ದು
ಒಂದು ಲೀಟರಿಗೆ ಎರಡು ಚಮಚ ಕಡಿಮೆ.
ಮೂರು ಸಲವೂ ಅಷ್ಟೇ.

ಪಂಪಿನ ಔಷಧಿ ಕೊಟ್ಟೆ. ಹದಿನೈದು ನಿಮಿಷ ಕಾಯಬೇಕು.
ಕಾಯುವಾಗ ಜನ ಮಾತಾಡುತ್ತಾರೆ.
"ನೀವು ಯಾರ ಮಗಳು?"
ಆರಿಕ್ಕಾಡಿಯ ಗುಲಾಬಿಯ ಮಗಳು.
"ಬೀಡಿ ಕಟ್ಟುವ ಗುಲಾಬಿ?"
ಹೌದು.
ತಡ್ಪೆಯ ತುಂಬ ಎಲೆ, ಹೊಗೆಸೊಪ್ಪು,
ಗಂಟಲಿಗೆ ಇಳಿಯುವ ಪುಡಿ.
ಶನಿವಾರ ಬ್ರಾಂಚಿಗೆ ತಲೆಯ ಮೇಲೆ ಹೊತ್ತವಳು ನಾನು.
ಅಲ್ಲಿ ಹತ್ತು ಬೀಡಿ ಸರಿಯಿಲ್ಲವೆಂದು ಮುರಿದು ಬಿಸಾಡಿದರೆ
ಅಮ್ಮ ಆ ರಾತ್ರಿ ಹತ್ತು ಹೆಚ್ಚು ಸುತ್ತುವಳು.
ನನ್ನ ಡಿಪ್ಲೊಮಾದ ಫೀಸು ಕಟ್ಟಿದ್ದು
ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲೇ.

ಐತಪ್ಪಣ್ಣ ನಕ್ಕರು. ನಗು ಅರ್ಧದಲ್ಲಿ ಕೆಮ್ಮಾಯಿತು.
"ಹಾಗಾದರೆ ಅದರಲ್ಲಿ ನನ್ನದೂ ಒಂದು ಕಂತಿದೆ."

ಉತ್ತರ ಹೊಳೆಯಲಿಲ್ಲ. ಗಡಿಯಾರ ನೋಡಿದೆ.
ಅಮ್ಮ ಒಂದೂ ಸೇದಿದವಳಲ್ಲ, ಆದರೂ ಕೆಮ್ಮುತ್ತಾಳೆ.
ಊದಲು ಬಾ ಎಂದರೆ ಬರುವುದಿಲ್ಲ:
"ನನ್ನದು ಪುಡಿಯ ಕೆಮ್ಮು, ಮಜೂರಿಯಲ್ಲಿ ಸೇರಿದ್ದು."

ಮತ್ತೆ ಊದಿಸಿದೆ. ಏರಿದ್ದು ನಲವತ್ತು ಮಿಲಿ,
ಒಂದು ಮಾತ್ರೆ ನುಂಗುವಷ್ಟು ನೀರು.

ಡಾಕ್ಟರು ಮೌಸು ಉರುಳಿಸಿದಂತೆ
ಎದೆ ಹೋಳು ಹೋಳಾಗಿ ಕೆಳಗಿಳಿಯಿತು.
ಮೇಲಿನ ಹೋಳುಗಳಲ್ಲಿ ಕಪ್ಪು ತೂತುಗಳು,
ಗೆದ್ದಲು ಹೊಕ್ಕ ಹಳೇ ರಿಜಿಸ್ಟರು.
"ತೂತಿದ್ದರೆ ಗಾಳಿ ಸಲೀಸಾಗಬೇಕಿತ್ತಲ್ಲ?"
ಡಾಕ್ಟರು ಮಲಯಾಳದಲ್ಲಿ ಹೇಳಿದ್ದನ್ನು
ಕನ್ನಡಕ್ಕೆ ದಾಟಿಸುವುದು ನನ್ನ ಪಾಲಿನ ಕೆಲಸ:
ಒಳಗೆ ಸಣ್ಣ ಸಣ್ಣ ಕೋಣೆಗಳ ಗೋಡೆ ಬಿದ್ದಿದೆ,
ಹಳೇ ಗಾಳಿ ಅಲ್ಲೇ ಕೂತಿದೆ,
ಹೊರಗೆ ತಳ್ಳಲು ಬಿಗಿಯಿಲ್ಲ.
ಅವರು ಸ್ವಲ್ಪ ಯೋಚಿಸಿ ಹೇಳಿದರು:
"ಬಸ್ಸು ಫುಲ್ಲು. ಇಳಿಯುವವರಿಲ್ಲ.
ಹೊಸಬರು ಬಾಗಿಲಲ್ಲಿ ನೇತಾಡುತ್ತಿದ್ದಾರೆ."
ಇದಕ್ಕಿಂತ ಸರಿಯಾದ ವರದಿ
ಹನ್ನೊಂದು ವರ್ಷದಲ್ಲಿ ನಾನು ಟೈಪು ಮಾಡಿಲ್ಲ.

ಬಿದ್ದ ಗೋಡೆ ಎಬ್ಬಿಸುವ ಮದ್ದಿಲ್ಲ.
ಬೀಡಿ ಬಿಡಬೇಕು ಎಂದು ಡಾಕ್ಟರು ಎರಡು ಭಾಷೆಯಲ್ಲೂ ಹೇಳಿದರು.
ಹೊರಡುವ ಮೊದಲು ನಾನೊಂದು ಕಲಿಸಿದೆ:
ಮೂಗಿನಿಂದ ಎಳೆದು, ತುಟಿ ಸಿಳ್ಳೆಗೆಂಬಂತೆ ಚೂಪು ಮಾಡಿ,
ಎಳೆದ ಹೊತ್ತಿನ ಎರಡರಷ್ಟು ಹೊತ್ತು
ಸದ್ದಿಲ್ಲದೆ ಬಿಡುವುದು.
"ಇಳಿಯುವವರು ಮೊದಲು ಇಳಿಯಲಿ," ಎಂದರು.

ಅಂಗಿಯ ಜೇಬು ಉಬ್ಬಿತ್ತು. ಏನೆಂದು ಕೇಳಲಿಲ್ಲ.

ರಟ್ಟಿನ ಕೊಳವೆ ಬಿಸಾಡಲು ಹೊರಬಂದಾಗ
ಮೆಟ್ಟಿಲ ತಿರುವಿನಲ್ಲಿ ನಿಂತಿದ್ದರು,
ಒಂದು ಕೈ ಮೇಲಕ್ಕೆ, ಇಲ್ಲದ ಕಂಬಿ ಹಿಡಿದು,
ತುಟಿ ಚೂಪು.
ಒಂದು ಉಸಿರು.
ಹಾಗೇ ನಿಂತರು.

ಆಮೇಲೆ ಎರಡು.
ಹೊರಟರು.